ನಮ್ಮ ಹಿತ್ತಲಿನ ಬ್ಯಾಡಗಿ

ಸೊಲ್ಲಾಪುರ ಸೀಮೆಯ ಊಟಕ್ಕೆ ಖಾರವೇ ಜೀವಾಳ. ಹಪ್ಪಳದಂತೆ ಮುರಿಯುವ ಖಡಕ್ ಜೋಳದ ರೊಟ್ಟಿ, ಅದರ ಮಗ್ಗುಲಲ್ಲಿ ಒರಳಿನಲ್ಲಿ ಕುಟ್ಟಿ ಎಣ್ಣೆ ಬಿಡಿಸಿದ ಕೆಂಪು ಶೇಂಗಾ ಚಟ್ನಿ, ಗುದ್ದಿ ಒಡೆದ ಒಂದು ಉಳ್ಳಾಗಡ್ಡಿ. ಇಷ್ಟಿದ್ದರೆ ಅಕ್ಕಲಕೋಟೆ ತಾಲೂಕಿನ ಕನ್ನಡ ಮನೆಗೂ ಅದರ ಪಕ್ಕದ ಮರಾಠಿ ಮನೆಗೂ ಊಟದಲ್ಲಿ ಭೇದವೇನೂ ಕಾಣುವುದಿಲ್ಲ. ಇಂತಹ ಸೀಮೆಯಲ್ಲಿ ಹುಟ್ಟಿ ಬೆಳೆದ ನಾವು ಖಾರ ಕಡಿಮೆಯಿರುವ ಮೆಣಸಿನಕಾಯಿಯನ್ನು ಬೀಜದಿಂದ ಬೆಳೆಯಲು ಹೊರಟ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇವೆ. ಅದರಲ್ಲಿ ನಮ್ಮ ಜಾಣತನಕ್ಕಿಂತ ತಪ್ಪುಗಳೇ ಹೆಚ್ಚು. ಆದರೆ ತಪ್ಪಿನಿಂದ ಕಲಿತದ್ದು ಬಹುಕಾಲ ನಿಲ್ಲುತ್ತದೆಂದು ಮಕ್ಕಳಿಗೆ ಹೇಳುತ್ತ ಬಂದವರು ನಾವು. ಆ ಮಾತನ್ನು ನಮಗೂ ಅನ್ವಯಿಸಿಕೊಳ್ಳುವುದು ನ್ಯಾಯ.

2018ರ ದೀಪಾವಳಿಯ ಹೊತ್ತಿಗೆ ನಮ್ಮ ಮನೆಯಾಕೆಗೆ ಹೊಟ್ಟೆಯಲ್ಲಿ ಉರಿ ಕಾಣಿಸಿಕೊಂಡಿತು. ಮೊದಲು ಅಜವಾನ, ಮಜ್ಜಿಗೆ, ಸೋಡಾ ಎಂದು ಮನೆಮದ್ದಿನಲ್ಲಿ ತಿಂಗಳು ಕಳೆದೆವು. ಕಡೆಗೆ ಸೊಲ್ಲಾಪುರದ ವೈದ್ಯರು ದುರ್ಬೀನು ಹಾಕಿ ನೋಡಿ, ಜಠರದಲ್ಲಿ ಹುಣ್ಣಾಗಿದೆ ಎಂದರು. ಖಾರ ತಿಂದು ತಿಂದೇ ಹುಣ್ಣಾಯಿತೆಂದು ನಾವು ತಿಳಿದಿದ್ದೆವು. ಅದು ಹಾಗಲ್ಲವೆಂದು ಅವರು ತಿದ್ದಿದರು. ಜಠರದ ಬಹುಪಾಲು ಹುಣ್ಣುಗಳಿಗೆ ಒಂದು ಬಗೆಯ ಬ್ಯಾಕ್ಟೀರಿಯಾ ಅಥವಾ ನೋವಿನ ಗುಳಿಗೆಗಳೇ ಕಾರಣ. ಆ ಬ್ಯಾಕ್ಟೀರಿಯಾವನ್ನು ಪತ್ತೆಹಚ್ಚಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಎಂಬ ವೈದ್ಯರಿಗೆ 2005ರಲ್ಲಿ ನೊಬೆಲ್ ಪಾರಿತೋಷಕವೂ ದೊರೆಯಿತು. ಖಾರವು ಹುಣ್ಣನ್ನು ಹುಟ್ಟಿಸುವುದಿಲ್ಲ. ಆದರೆ ಇದ್ದ ಹುಣ್ಣನ್ನು ಕೆಣಕುತ್ತದೆ. ಔಷಧದಿಂದ ಹುಣ್ಣು ಮಾಗಿತು. ಉರಿ ಮಾತ್ರ ಖಾರ ಕಂಡಾಗಲೆಲ್ಲ ಮರಳಿ ಬರುತ್ತಿತ್ತು.

ಅಂದಿನಿಂದ ಆಕೆಯ ತಟ್ಟೆ ಬಿಳಿದಾಯಿತು. ಮೊಸರನ್ನ, ಸಪ್ಪೆ ಬೇಳೆ, ಹಾಲಿನಲ್ಲಿ ನೆನೆದ ರೊಟ್ಟಿ. ನಮಗೆಲ್ಲ ಬಡಿಸಿ ಕಳಿಸಿ, ಆಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಕುಳಿತು ಉಣ್ಣತೊಡಗಿದಳು. ಒಮ್ಮೆ ಕಾರಣ ಕೇಳಿದಾಗ, “ಎಲ್ಲಾರ ತಾಟೂ ಕೆಂಪಗಿರ್ತಾವು, ನಂದೊಂದ ಬೆಳ್ಳಗ. ಜಡ್ಡಿನವರ ತಾಟು ಮಂದಿ ನಡುವ ಯಾಕ ಬೇಕ್ರಿ?” ಎಂದಳು. ಮೂವತ್ತು ವರ್ಷ ಒಂದೇ ಪಂಕ್ತಿಯಲ್ಲಿ ಉಂಡ ಮನೆಯಲ್ಲಿ ಈ ಮಾತು ಕೇಳಿ ನಮಗೆ ಊಟ ರುಚಿಸದಾಯಿತು.

ಆಕೆಯ ತವರು ಬ್ಯಾಡಗಿಯ ಹತ್ತಿರದ ಒಂದು ಹಳ್ಳಿ. 2019ರ ಬಸವ ಜಯಂತಿಗೆ ನಮ್ಮ ಅತ್ತೆಯವರು ಮಗಳನ್ನು ನೋಡಲು ಬಂದರು. ಬಂದವರು ಸೆರಗಿನ ಗಂಟಿನಿಂದ ಒಂದು ಹಳೆಯ ಅರಿವೆಯ ಚೂರನ್ನು ಬಿಚ್ಚಿದರು. ಒಳಗೆ ಬೂದಿಯಲ್ಲಿ ಹೊರಳಿಸಿದ ಒಂದು ಹಿಡಿ ಮೆಣಸಿನ ಬೀಜವಿತ್ತು. “ಮಾಸ್ತರ, ಹಿತ್ತಲದಾಗ ಇದನ್ನ ಹಾಕಿ ನೋಡ್ರಿ. ನಮ್ಮ ಕಾಯಿಗೆ ಬಣ್ಣ ಐತಿ, ಸಿಟ್ಟಿಲ್ಲ” ಎಂದರು. ಸಿಟ್ಟಿಲ್ಲದ ಮೆಣಸಿನಕಾಯಿ ಎಂಬ ಮಾತು ಆಗ ನಮಗೆ ನಗೆ ತರಿಸಿತು. ಈಗ ಅದರ ಅರ್ಥ ತಿಳಿದಿದೆ.

ಬ್ಯಾಡಗಿ ಮೆಣಸಿನಕಾಯಿಯನ್ನು ನಮ್ಮ ಓದುಗರಿಗೆ ಪರಿಚಯಿಸಬೇಕಾಗಿಲ್ಲ. ಸೊಲ್ಲಾಪುರದ ಪೇಟೆಯಲ್ಲಿ ಮರಾಠಿ ವ್ಯಾಪಾರಿಗಳೂ ಅದನ್ನು ಊರ ಹೆಸರಿನಿಂದಲೇ ಕೂಗಿ ಮಾರುತ್ತಾರೆ. ಅದರಲ್ಲಿ ಎರಡು ಬಗೆ. ಉದ್ದವಾಗಿ, ತೆಳ್ಳಗೆ, ಮೈಯೆಲ್ಲ ಸುಕ್ಕುಗಟ್ಟಿರುವುದು ಕಡ್ಡಿ. ಗಿಡ್ಡಾಗಿ, ದುಂಡಾಗಿ, ಬೀಜವೂ ಬಣ್ಣವೂ ಹೆಚ್ಚಾಗಿರುವುದು ಡಬ್ಬಿ. ಇಂದಿನ ಹಾವೇರಿ, ಧಾರವಾಡ, ಗದಗ ಜಿಲ್ಲೆಗಳ ಎರೆಭೂಮಿಯಲ್ಲಿ ಮಳೆಯನ್ನೇ ನಂಬಿ ಇದು ಬೆಳೆಯುತ್ತದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಇದರ ಕೆಂಪನ್ನು ಎಣ್ಣೆಯ ರೂಪದಲ್ಲಿ ಹಿಂಡಿ ತೆಗೆದು ತಿನಿಸುಗಳಿಗಷ್ಟೇ ಅಲ್ಲದೆ ತುಟಿಯ ಬಣ್ಣಕ್ಕೂ ಉಗುರಿನ ಬಣ್ಣಕ್ಕೂ ಬಳಸುತ್ತಾರೆ. ಹಂಗೇರಿ ದೇಶದ ಸೌಮ್ಯ ಮೆಣಸಿನಕಾಯಿಯೂ ಹೀಗೆಯೇ ಖಾರಕ್ಕಿಂತ ಬಣ್ಣಕ್ಕೆ ಹೆಸರಾದುದು. ಅಲ್ಲಿಯ ಸೆಗೆಡ್ ನಗರದ ವಿಜ್ಞಾನಿ ಆಲ್ಬರ್ಟ್ ಸೆಂಟ್ ಜೋರ್ಜಿ ಅದರಿಂದಲೇ ಸಿ ಜೀವಸತ್ವವನ್ನು ಹೇರಳವಾಗಿ ಬೇರ್ಪಡಿಸಿ 1937ರಲ್ಲಿ ನೊಬೆಲ್ ಪಾರಿತೋಷಕ ಪಡೆದರು.

ಮೆಣಸಿನಕಾಯಿ ನಮ್ಮ ನೆಲದ ಮೂಲನಿವಾಸಿಯಲ್ಲವೆಂಬುದು ಅನೇಕರಿಗೆ ನಂಬಲಾಗದ ಸಂಗತಿ. ಅದರ ತವರು ಅಮೆರಿಕ ಖಂಡ. 1492ರಲ್ಲಿ ಕೊಲಂಬಸ್ ಅಲ್ಲಿ ಕಾಲಿಟ್ಟ ಮೇಲೆ ಯುರೋಪಿಗೂ, ಪೋರ್ಚುಗೀಜರ ಹಡಗುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಗೂ ಬಂದಿತು. ಅದಕ್ಕಿಂತ ಮೊದಲು ನಮ್ಮ ಹಿರಿಯರ ಖಾರವೆಲ್ಲ ಕಾಳುಮೆಣಸಿನಿಂದಲೇ. ಹೊಸದಾಗಿ ಬಂದ ಕಾಯಿಗೆ ಕನ್ನಡಿಗರು ಮೆಣಸಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದರು. ಮರಾಠಿಗರಿಗೆ ಕಾಳುಮೆಣಸು ಮಿರೀ. ಹೊಸ ಕಾಯಿ ಮಿರಚಿಯಾಯಿತು. ಎರಡು ಭಾಷೆಗಳೂ ಪರಸ್ಥಳದ ಅತಿಥಿಯನ್ನು ತಮ್ಮ ಮನೆಯ ಹಳೆಯ ಹೆಸರಿನಿಂದ ಕರೆದು ಒಳಗೆ ಕರೆದುಕೊಂಡವು.

ಇನ್ನು ಬೆಳೆಸುವ ವಿಚಾರ. ವಿಲಾಯತಿಯಲ್ಲಿ ಜನರು ಮನೆಯ ಹಿಂದೆ ಗಾಜಿನ ಹಸಿರುಮನೆ ಕಟ್ಟಿ, ಅದರೊಳಗೆ ಬಿಸಿಲಿನ ಕಾವನ್ನು ಹಿಡಿದಿಟ್ಟು ಮೆಣಸಿನ ಗಿಡ ಬೆಳೆಸುತ್ತಾರೆಂದು ಓದಿದ್ದೆವು. ಆದರೆ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುವ ಸೊಲ್ಲಾಪುರದಲ್ಲಿ ಗಾಜಿನ ಮನೆ ಕಟ್ಟಿದರೆ ಅದು ಭಟ್ಟಿಯಾದೀತು. ಇಲ್ಲಿಯ ಗಿಡಕ್ಕೆ ಬೇಕಾದುದು ನೆರಳು, ಬಿಸಿಗಾಳಿಗೆ ತಡೆ ಮತ್ತು ಕೀಟಗಳಿಗೆ ಅಡ್ಡಿ. ಆದುದರಿಂದ ಹಿತ್ತಲಿನ ಬೇವಿನ ಮರದ ಮಗ್ಗುಲಿಗೆ ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲದ ಬಿದಿರಿನ ಹಂದರ ಹಾಕಿ, ಮೇಲೆ ಅರ್ಧ ಬಿಸಿಲನ್ನು ತಡೆಯುವ ಹಸಿರು ಬಲೆ ಹೊದಿಸಿದೆವು. ಸುತ್ತಲಿನ ಬದಿಗಳನ್ನು ಬಿಟ್ಟೆವು. ಅಷ್ಟೇ ಸಾಕೆಂದು ಆಗ ನಮಗೆ ತೋರಿತು.

2019ರ ಜೂನ್ ತಿಂಗಳ ಮೊದಲ ಮಳೆಗೆ ಬೀಜದ ಅರ್ಧ ಪಾಲನ್ನು ಬಿತ್ತಿದೆವು. ಮೆಣಸಿನ ಬೀಜ ಸಾವಧಾನದ ಬೀಜ. ಮಣ್ಣಿನ ಕಾವು 25ರಿಂದ 30 ಡಿಗ್ರಿ ಇದ್ದರೆ ಎಂಟು ಹತ್ತು ದಿನಗಳಲ್ಲಿ ಮೊಳೆಯುತ್ತದೆ. ಚಳಿಯಲ್ಲಿ ಮೂರು ವಾರವಾದರೂ ಮುಖ ತೋರಿಸದು. ಕಾಲು ಅಂಗುಲಕ್ಕಿಂತ ಆಳಕ್ಕೆ ಹೋಗಬಾರದು. ಒಂಬತ್ತನೆಯ ದಿನ ಮಡಿಯ ತುಂಬ ಹಸಿರು ಕೊಕ್ಕೆಗಳು ತಲೆಯೆತ್ತಿದವು. ಸಂತೋಷ ತಡೆಯಲಾರದೆ ನಾವು ಬೆಳಿಗ್ಗೆ ಒಮ್ಮೆ, ಶಾಲೆಯಿಂದ ಬಂದ ಮೇಲೆ ಒಮ್ಮೆ ನೀರು ಹಾಕಿದೆವು. ಒಂದು ವಾರದಲ್ಲಿ ಅಗಿಗಳು ಬುಡದಲ್ಲಿ ಸೊರಗಿ, ದಾರ ಕಟ್ಟಿ ಬಿಗಿದಂತೆ ಸಣ್ಣಗಾಗಿ, ಸಾಲುಸಾಲಾಗಿ ಮಲಗಿದವು.

ಶನಿವಾರ ಮಧ್ಯಾಹ್ನ ನಮ್ಮ ಶಾಲೆಯ ಕೆಲವು ಮಕ್ಕಳು ಹಿತ್ತಲಿಗೆ ಬರುತ್ತಿದ್ದರು. ಅವರಲ್ಲಿ ಏಳನೆಯ ಇಯತ್ತೆಯ ಒಬ್ಬ ಹುಡುಗಿ ಮಡಿಯ ಮಣ್ಣನ್ನು ಬೆರಳಿನಿಂದ ಒತ್ತಿ ನೋಡಿ, “ಗುರೂಜಿ, ನೀರ ಬಾಳ ಆಗೇತ್ರಿ. ನಮ್ಮವ್ವ ಅಗಿಗೆ ಮಣ್ಣ ಮುಟ್ಟಿ ನೋಡಿ ನೀರ ಹಾಕ್ತಾಳ್ರಿ, ಗಡಿಯಾರ ನೋಡಿ ಅಲ್ರಿ” ಎಂದಳು. ಶಿಕ್ಷಕರ ತರಬೇತಿಯಲ್ಲಿ ನಮಗೆ ಮೊದಲು ಕಲಿಸಿದ ಸೂತ್ರ, ತಿಳಿದುದರಿಂದ ತಿಳಿಯದುದರ ಕಡೆಗೆ ಸಾಗಬೇಕೆಂಬುದು. ಆ ಹುಡುಗಿಗೆ ತಿಳಿದದ್ದು ನಮಗೆ ತಿಳಿದಿರಲಿಲ್ಲ. ಮಣ್ಣಿನಲ್ಲಿರುವ ಪಿಥಿಯಂ ಮೊದಲಾದ ಬೂಷ್ಟುಗಳು ನೀರು ನಿಂತ ಮಡಿಯಲ್ಲಿ ಎಳೆಯ ಸಸಿಯ ಬುಡವನ್ನು ಕೊಳೆಸುತ್ತವೆಂದು ಆಮೇಲೆ ಪುಸ್ತಕದಲ್ಲಿ ಓದಿದೆವು. ಆ ವರ್ಷ ಉಳಿದ ನಾಲ್ಕು ಗಿಡಗಳೂ ಎಲೆ ಮುಟುರುಗೊಂಡು ಕಾಯಿ ಬಿಡದೆ ಹೋದವು.

2020ರಲ್ಲಿ ಶಾಲೆಗಳೆಲ್ಲ ಮುಚ್ಚಿದುದರಿಂದ ಕೈಯಲ್ಲಿ ಕಾಲ ಬೇಕಾದಷ್ಟಿತ್ತು. ಈ ಸಲ ಬೀಜವನ್ನು ನೆಲದ ಮಡಿಗೆ ಹಾಕದೆ, ಕುಳಿಗಳಿರುವ ಪ್ಲಾಸ್ಟಿಕ್ ತಟ್ಟೆಗಳಲ್ಲಿ ತೆಂಗಿನ ನಾರಿನ ಪುಡಿ ಮತ್ತು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ತುಂಬಿ, ಕುಳಿಗೊಂದು ಬೀಜ ಊರಿದೆವು. ಮೇಲೆ ಒದ್ದೆ ಗೋಣಿತಾಟು ಹೊದಿಸಿ, ಮೊಳಕೆ ಕಂಡ ದಿನವೇ ತೆಗೆದೆವು. ಬೆರಳಿನಿಂದ ಮುಟ್ಟಿ ನೋಡಿ, ಒಣಗಿದ್ದರಷ್ಟೇ ನೀರು ಚಿಮುಕಿಸಿದೆವು. ನಲವತ್ತನೆಯ ದಿನ ಗೇಣುದ್ದವಾದ ಅಗಿಗಳನ್ನು ಸಂಜೆಯ ತಂಪಿನಲ್ಲಿ ಎರಡೆರಡು ಅಡಿ ಅಂತರದಲ್ಲಿ ನೆಟ್ಟೆವು. ಎಲೆ ಮೇಲ್ಮುಖವಾಗಿ ಮುದುಡಿದರೆ ಥ್ರಿಪ್ಸ್ ನುಸಿ, ಕೆಳಮುಖವಾಗಿ ಮುದುಡಿದರೆ ಮೈಟ್ ನುಸಿ ಎಂಬ ಲಕ್ಷಣವನ್ನು ಕಲಿತು, ಬೇವಿನೆಣ್ಣೆಯ ನೀರನ್ನು ವಾರಕ್ಕೊಮ್ಮೆ ಸಿಂಪಡಿಸಿದೆವು.

ಇದರ ನಡುವೆ ಒಂದು ಸಣ್ಣ ಆಶೆಗೆ ಬಲಿಯಾದೆವು. ಹಂದರದ ಮೂಲೆಯಲ್ಲಿ ಒಂದು ಗೇಣು ಜಾಗ ಉಳಿದಿತ್ತು. ಮನೆಯಾಕೆಗೆ ಸೌಮ್ಯ ಕಾಯಿ ಆಯಿತು, ನಮ್ಮ ನಾಲಿಗೆಗೂ ಒಂದಿಷ್ಟು ಇರಲೆಂದು ಅಲ್ಲಿ ಎರಡು ಲವಂಗಿ ಮೆಣಸಿನ ಗಿಡ ನೆಟ್ಟೆವು. ಲವಂಗಿಯ ಖಾರ ಈ ಸೀಮೆಯವರಿಗೆ ಗೊತ್ತು. ಕಡ್ಡಿಯಷ್ಟು ಕಾಯಿ, ಕೆಂಡದಷ್ಟು ಉರಿ.

ಆ ವರ್ಷ ಫಸಲು ನಾವು ಎಣಿಸದಷ್ಟು ಬಂದಿತು. ಡಿಸೆಂಬರದಿಂದ ಫೆಬ್ರುವರಿಯವರೆಗೆ ಮೂರು ಸಲ ಕಾಯಿ ಬಿಡಿಸಿದೆವು. ಮಾಳಿಗೆಯ ಮೇಲೆ ಒಣಗಲು ಹರವಿದಾಗ ಓಣಿಯವರು ಬಂದು ನೋಡಿ ಹೋದರು. ತೊಟ್ಟು ಮುರಿದು, ಬಾಣಲೆಯಲ್ಲಿ ಹದವಾಗಿ ಹುರಿದು, ಶೇಂಗಾ, ಬೆಳ್ಳುಳ್ಳಿ, ಜೀರಿಗೆಯೊಡನೆ ಮನೆಯಾಕೆ ತಾನೇ ಒರಳಿಗೆ ಕುಳಿತಳು. ಚಟ್ನಿ ಕುಂಕುಮದಂತೆ ಕೆಂಪಾಯಿತು. ಮೊದಲು ಕಾಳಿನಷ್ಟು ನಾಲಿಗೆಗೆ ಹಚ್ಚಿಕೊಂಡು ಅರ್ಧ ದಿನ ಕಾದಳು. ಉರಿಯಲಿಲ್ಲ. ಆ ರಾತ್ರಿ ತನ್ನ ತಾಟನ್ನು ಅಡುಗೆಮನೆಯಿಂದ ತಂದು ನಮ್ಮ ಪಂಕ್ತಿಯಲ್ಲಿಟ್ಟುಕೊಂಡು ಕುಳಿತಳು. ಯಾರೂ ಏನೂ ಮಾತನಾಡಲಿಲ್ಲ. ಮಗ ಮಾತ್ರ ಎದ್ದು ಹೋಗಿ ಅವಳಿಗೆ ಇನ್ನೊಂದು ರೊಟ್ಟಿ ತಂದು ಹಾಕಿದ.

ಫೋನಿನಲ್ಲಿ ಸುದ್ದಿ ಕೇಳಿ ಅತ್ತೆಯವರು ಬಹಳ ಹಿಗ್ಗಿದರು. “ಬೀಜ ಹಿಡಿಯೂದ ಮರೀಬ್ಯಾಡ್ರಿ ಮಾಸ್ತರ” ಎಂದರು. ಅದು ನಾವು ಕೇಳಿದ ಅವರ ಕೊನೆಯ ಮಾತು. 2021ರ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಕೊರೋನಾ ತಪಾಸಣೆಯ ವರದಿಯಿಲ್ಲದೆ ಮಹಾರಾಷ್ಟ್ರದವರನ್ನು ಕರ್ನಾಟಕದ ಗಡಿ ದಾಟಗೊಡದ ದಿನಗಳವು. ತಪಾಸಣೆ ಮಾಡಿಸಿ, ವರದಿ ಕೈಗೆ ಬಂದು, ನಾವು ಊರು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದು ಎರಡು ದಿನವಾಗಿತ್ತು. ಮನೆಯಾಕೆ ತವರಿನ ಅಂಗಳದಲ್ಲಿ ಕುಳಿತು ಅತ್ತದ್ದನ್ನು ಬರೆಯುವುದಿಲ್ಲ. ಗಡಿಯ ಆಚೆ ಈಚೆ ಸಂಬಂಧ ಬೆಳೆಸಿದ ಮನೆಗಳಿಗೆ ಆ ವರ್ಷದ ನೋವು ಗೊತ್ತೇ ಇದೆ.

ಆ ಜೂನಿನಲ್ಲಿ ನಾವು ಹಿಂದಿನ ಫಸಲಿನಿಂದ ಹಿಡಿದ ಬೀಜವನ್ನು ಅತ್ತೆಯವರ ನೆನಪಿನಿಂದ ಬಿತ್ತಿದೆವು. ಗಿಡಗಳು ಸೊಂಪಾಗಿ ಬಂದವು. ನವೆಂಬರ ಕೊನೆಗೆ ಮೊದಲ ಹಣ್ಣುಗಾಯಿ ಬಿಡಿಸಿದೆವು. ಕೆಲವು ಕಾಯಿ ಎಂದಿಗಿಂತ ನೀಳವಾಗಿ, ಮೈ ನುಣುಪಾಗಿ ಇದ್ದುದನ್ನು ಕಂಡೂ ಕಾಣದಂತಿದ್ದೆವು. ನಮ್ಮ ಮನೆಯ ಬೀಜವೆಂಬ ಭರವಸೆಯಿಂದ ರುಚಿಯನ್ನೂ ನೋಡದೆ ಚಟ್ನಿ ಮಾಡಿಸಿ, ನಾವೇ ಒತ್ತಾಯಿಸಿ ಮನೆಯಾಕೆಗೆ ಬಡಿಸಿದೆವು. ಆ ರಾತ್ರಿಯೂ ಮರುದಿನ ರಾತ್ರಿಯೂ ಆಕೆ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿ ಕುಳಿತೇ ಬೆಳಗು ಮಾಡಿದಳು.

ನಮಗೆ ಸಿಟ್ಟು ತಲೆಗೇರಿತು. ಬೇಲಿಯ ಆಚೆ ನೆರೆಮನೆಯ ತಾತ್ಯಾ ಆ ವರ್ಷ ಎರಡು ಸಾಲು ಖಾರದ ಮೆಣಸಿನ ಗಿಡ ಹಾಕಿದ್ದರು. ಅವರು ಮರಾಠಿಯವರು, ನಮ್ಮೊಡನೆ ಕನ್ನಡವನ್ನೇ ಆಡುತ್ತಾರೆ. ಬೆಳಗಾದೊಡನೆ ಬೇಲಿಯ ಹತ್ತಿರ ಹೋಗಿ, ನಿಮ್ಮ ಗಿಡದ ಗಾಳಿ ತಗಲಿ ನಮ್ಮ ಕಾಯಿ ಕೆಟ್ಟಿತು, ಕೇಳದೆ ಹಾಕಿದ್ದು ಯಾಕೆ ಎಂದು ಶಾಲೆಯಲ್ಲಿ ಹುಡುಗರನ್ನು ಗದರಿಸುವ ದನಿಯಲ್ಲಿ ಕೇಳಿದೆವು. ಅವರು ಕೈಯಲ್ಲಿದ್ದ ನೀರಿನ ತಂಬಿಗೆಯನ್ನು ಕೆಳಗಿಟ್ಟು, “ಗುರೂಜಿ, ನನ್ನ ಗಿಡ ನನ್ನ ಬೇಲಿಯೊಳಗ ಐತಿ. ಗಾಳಿಗೆ ನಾ ಏನ ಹೇಳ್ಲಿ?” ಎಂದಷ್ಟೇ ಹೇಳಿ ಒಳಗೆ ಹೋದರು. ಮರುದಿನ ನೋಡಿದರೆ ಎರಡು ಸಾಲು ಗಿಡವನ್ನೂ ಕಿತ್ತು ಹಾಕಿದ್ದರು. ಹೂವು ಕಾಯಿ ಇದ್ದ ಗಿಡಗಳು. ಆಗಲೂ ನಮಗೆ ತಪ್ಪು ಮಾಡಿದೆವೆಂದು ಅನ್ನಿಸಲಿಲ್ಲ.

ಡಿಸೆಂಬರದಲ್ಲಿ ಕೃಷಿ ಪದವಿ ಪಡೆದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಊರಿಗೆ ಬಂದಿದ್ದ. ಅವನ ಮುಂದೆ ತಾತ್ಯಾನ ಮೇಲೆ ದೂರು ಹೇಳಿಕೊಂಡೆವು. ಅವನು ಒಂದು ಕಾಯಿಯನ್ನು ಸೀಳಿ ತೋರಿಸಿದ. ಖಾರವಿರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಒಳಗಿನ ಬಿಳಿಯ ತಿರುಳಿನಲ್ಲಿ. ಕ್ಯಾಪ್ಸೈಸಿನ್ ಎಂಬ ಆ ಪದಾರ್ಥವು ನಾಲಿಗೆಯಲ್ಲಿ ಬೆಂಕಿಯ ಬಿಸಿಯನ್ನು ಅರಿಯುವ ಅಂಗವನ್ನೇ ಕೆಣಕುತ್ತದೆ. ಇದನ್ನು 1997ರಲ್ಲಿ ಕಂಡುಹಿಡಿದ ಅಮೆರಿಕದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿಯೇ ನೊಬೆಲ್ ಬಂದಿತ್ತು. ಹಕ್ಕಿಗಳಿಗೆ ಈ ಉರಿ ತಗಲದು. ಅದಕ್ಕೇ ಗಿಳಿ ಮೆಣಸಿನಕಾಯಿಯನ್ನು ಸವಿದು ತಿನ್ನುತ್ತದೆ. ಇಷ್ಟು ಹೇಳಿ ಅವನು ಮುಖ್ಯ ಮಾತಿಗೆ ಬಂದ.

“ಗುರೂಜಿ, ಕಾಯಿ ತಾಯಿಗಿಡದ್ದು, ಬೀಜ ಮುಂದಿನ ಪೀಳಿಗೇದು. ಈ ವರ್ಷ ಬೇರೆ ಗಿಡದ ಪರಾಗ ಬಿದ್ರ ಈ ವರ್ಷದ ಕಾಯಿ ಖಾರ ಆಗೂದಿಲ್ಲ. ಅದರ ಬೀಜ ಬಿತ್ತಿದಾಗ ಮುಂದಿನ ವರ್ಷ ಗೊತ್ತಾಗತೈತಿ. ನಿಮ್ಮ ಗಿಡದ ಹಣೆಬರಹ ಹೋದ ವರ್ಷನ ಬರದೈತ್ರಿ. ಹೋದ ವರ್ಷ ಹತ್ರ ಖಾರದ ಗಿಡ ಯಾವುದಿತ್ತು?”

ನಾವು ಸುಮ್ಮನಾದೆವು. 2020ರಲ್ಲಿ ತಾತ್ಯಾನ ಹಿತ್ತಲಿನಲ್ಲಿ ಬದನೆ ಮಾತ್ರ ಇತ್ತು. ಖಾರದ ಗಿಡವಿದ್ದದ್ದು ನಮ್ಮ ಹಂದರದ ಮೂಲೆಯಲ್ಲಿ. ನಮ್ಮ ಕೈಯಿಂದಲೇ ನೆಟ್ಟ ಎರಡು ಲವಂಗಿ. ಮೆಣಸಿನ ಹೂವು ತನ್ನ ಪರಾಗದಿಂದ ತಾನೇ ಕಾಯಿಕಟ್ಟಬಲ್ಲದಾದರೂ ಜೇನು, ನುಸಿಗಳು ಬೇರೆ ಗಿಡದ ಪರಾಗ ತಂದರೆ ಅದನ್ನೂ ಸ್ವೀಕರಿಸುತ್ತದೆ. ಅದಕ್ಕಾಗಿಯೇ ಪ್ರಮಾಣಿತ ಬೀಜ ಬೆಳೆಯುವವರು ಎರಡು ತಳಿಗಳ ನಡುವೆ 200 ಮೀಟರ್ ಅಂತರ ಬಿಡುತ್ತಾರೆ. ನಾವು ಬಿಟ್ಟದ್ದು ಎರಡು ಮೊಳ. ಖಾರದ ಗುಣವೋ ಎಳೆದುಕೊಂಡು ಮುಂದೆ ಬರುವಂಥದು. ಸೌಮ್ಯವಾದುದರ ಜೊತೆ ಕೂಡಿದರೆ ಮಕ್ಕಳಲ್ಲಿ ಸಾಮಾನ್ಯವಾಗಿ ಖಾರವೇ ಎದ್ದು ಕಾಣುತ್ತದೆಂದು ಆ ಹುಡುಗ ಹೇಳಿದ.

2022ರ ಸಂಕ್ರಾಂತಿಯ ದಿನ ತಾತ್ಯಾನ ಮನೆಗೆ ಹೋದೆವು. ಎಳ್ಳು ಬೆಲ್ಲ ಕೊಟ್ಟು ಒಳ್ಳೆಯ ಮಾತಾಡೋಣವೆನ್ನುವ ರೂಢಿ ಕನ್ನಡದಲ್ಲಿಯೂ ಉಂಟು, ಮರಾಠಿಯಲ್ಲಿಯೂ ಉಂಟು. ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರನ ಜಾತ್ರೆಯ ನಂದಿಧ್ವಜಗಳನ್ನು ಹೊರುವ ದಿನಗಳವು. ನಡೆದುದನ್ನೆಲ್ಲ ಹೇಳಿ, ತಪ್ಪು ನಮ್ಮದೆಂದು ಒಪ್ಪಿಕೊಂಡೆವು. ಮೂವತ್ತು ವರ್ಷ ಮಕ್ಕಳಿಂದ ತಪ್ಪೊಪ್ಪಿಗೆ ಕೇಳಿದ ಬಾಯಿಗೆ ಅದು ಸುಲಭವಾಗಿರಲಿಲ್ಲ. ತಾತ್ಯಾ ಎಳ್ಳು ಬಾಯಿಗೆ ಹಾಕಿಕೊಂಡು, “ಗಿಡ ಹೋತು, ಮತ್ತ ಬರತೈತಿ. ನೀವು ಮಾತ ಬಿಟ್ಟಿದ್ರ ಅದು ಬರ್ತಿರಲಿಲ್ಲ. ವಹಿನಿ ಹೊಟ್ಟಿ ಹೆಂಗೈತ್ರಿ ಈಗ?” ಎಂದು ಕೇಳಿದರು.

ಬೀಜವೇನೋ ಕೆಟ್ಟಿತು, ಕೊಟ್ಟವರು ಇಲ್ಲ, ತವರಿನಲ್ಲಿ ಅಣ್ಣನೂ ಇಳುವರಿಗಾಗಿ ಸಂಕರ ತಳಿಗೆ ಹೋಗಿ ಹಳೆಯ ಬೀಜ ಬಿಟ್ಟಿದ್ದ. ಇನ್ನು ಮುಗಿಯಿತೆಂದು ಕೈಬಿಟ್ಟಿದ್ದೆವು. ಆಗ ಮನೆಯಾಕೆ ದೇವರ ಮಾಡದೊಳಗಿನಿಂದ ಅದೇ ಹಳೆಯ ಅರಿವೆಯ ಗಂಟನ್ನು ತಂದು ಮುಂದಿಟ್ಟಳು. “ತವರಿನ ಬೀಜ ಪೂರಾ ಮಣ್ಣಿಗೆ ಹಾಕಬಾರದಂತ ಅವ್ವ ಹೇಳ್ತಿದ್ಲು. ನಾ ಒಂದ ಚಿಮಟಿ ಎತ್ತಿಟ್ಟಿದ್ದೆ” ಎಂದಳು. ಎಣಿಸಿದರೆ ನಲವತ್ತಮೂರು ಬೀಜ. ಮೆಣಸಿನ ಬೀಜ ಮನೆಯಲ್ಲಿಟ್ಟರೆ ಎರಡು ಮೂರು ವರ್ಷಕ್ಕೆ ಶಕ್ತಿ ಕಳೆದುಕೊಳ್ಳುತ್ತದೆ. ಇವಕ್ಕೆ ಮೂರು ವರ್ಷ ಮೀರಿತ್ತು.

2022ರ ಜೂನಿನಲ್ಲಿ ಅವನ್ನು ಒಂದು ರಾತ್ರಿ ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿ ಊರಿದೆವು. ಎಂಟು ದಿನ, ಹತ್ತು ದಿನ, ಹದಿನಾಲ್ಕು ದಿನ ಏನೂ ಕಾಣಲಿಲ್ಲ. ಹದಿನಾರನೆಯ ದಿನ ಒಂದು, ಮರುದಿನ ಎರಡು. ಒಟ್ಟು ಏಳು ಮೊಳೆತವು. ಬದುಕಿ ಬೆಳೆದವು ಐದು. ಈ ಸಲ ಹಂದರದ ನಾಲ್ಕೂ ಬದಿಗೆ ಹಳೆಯ ಸೊಳ್ಳೆಪರದೆಗಳನ್ನು ಜೋಡಿಸಿ ಹೊಲಿದು, ಕೆಳಗೆ ಮಣ್ಣಿನಲ್ಲಿ ಹೂತು, ಬಾಗಿಲಿಗೂ ಪರದೆ ಇಳಿಬಿಟ್ಟೆವು. ಒಳಗೆ ಜೇನು ಬಾರದು, ಗಾಳಿಯೂ ಕಡಿಮೆ; ಹೀಗಾಗಿ ಹೂವು ಅರಳಿದ ದಿನಗಳಲ್ಲಿ ಬೆಳಿಗ್ಗೆ ಗಿಡದ ಟೊಂಗೆಗಳನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ ಪರಾಗ ಉದುರಿಸುವ ಕೆಲಸ ನಮ್ಮದಾಯಿತು. ಆ ವರ್ಷ ತಾತ್ಯಾ ತಾವಾಗಿಯೇ ಮೆಣಸಿನ ಗಿಡ ಹಾಕಲಿಲ್ಲ. ಹಾಕಿರೆಂದು ನಾವೇ ಅಗಿ ತಂದುಕೊಟ್ಟೆವು. ಪರದೆಯಿದ್ದ ಮೇಲೆ ಅವರ ಗಿಡ ನಮಗೇನು ಮಾಡೀತು?

2023ರ ಜನವರಿಯಲ್ಲಿ ಕಾಯಿ ಹಣ್ಣಾದವು. ಸುಕ್ಕುಗಟ್ಟಿದ, ದುಂಡನೆಯ, ಅತ್ತೆಯವರ ಕಾಲದ ಕಾಯಿ. ಈ ಸಲ ಪ್ರತಿಯೊಂದು ಗಿಡದ ಒಂದೊಂದು ಕಾಯಿಯನ್ನು ಸೀಳಿ, ಬಿಳಿಯ ತಿರುಳನ್ನು ನಾವೇ ಮೊದಲು ನಾಲಿಗೆಗೆ ಹಚ್ಚಿ ನೋಡಿದೆವು. ಐದೂ ಸೌಮ್ಯ. ಎಲೆ ಮುಟುರದೆ ಆರೋಗ್ಯವಾಗಿದ್ದ ಮೂರು ಗಿಡಗಳಿಂದ, ಎರಡನೆಯ ಬಿಡಿಸುವಿಕೆಯ ತುಂಬುಗಾಯಿಗಳನ್ನು ಬೀಜಕ್ಕೆ ಆರಿಸಿದೆವು. ನೆರಳಿನಲ್ಲಿ ಒಣಗಿಸಿ, ಬೂದಿಯಲ್ಲಿ ಹೊರಳಿಸಿ, ವರ್ಷ ಬರೆದ ಚೀಟಿಯೊಡನೆ ಗಂಟು ಕಟ್ಟಿದೆವು. 2023ರಲ್ಲಿ ಮಳೆ ಕೈಕೊಟ್ಟಿತು. ನೀರಿನ ಕೊರತೆಯಾದರೆ ಸೌಮ್ಯ ಗಿಡದ ಕಾಯಿಗೂ ಒಂದಿಷ್ಟು ಖಾರ ಏರುತ್ತದೆಂಬುದನ್ನು ಆಗ ಕಂಡೆವು. ಕಷ್ಟ ಬಂದರೆ ಸಾಧು ಮನುಷ್ಯನ ಮಾತೂ ಬಿರುಸಾಗುವುದಿಲ್ಲವೇ? ಸ್ನಾನದ ಮನೆಯ ನೀರನ್ನು ತಿರುಗಿಸಿ ಬಿಟ್ಟು ಗಿಡಗಳನ್ನು ದಾಟಿಸಿದೆವು, ಬೀಜ ಉಳಿಯಿತು.

ಖಾರ ತಾನಾಗಿ ಬರುತ್ತದೆ. ಒಂದು ವರ್ಷದ ಅಲಕ್ಷ್ಯ ಸಾಕು. ಸೌಮ್ಯ ಗುಣವನ್ನು ಮಾತ್ರ ವರ್ಷವರ್ಷವೂ ಕಾಯಬೇಕು, ಆರಿಸಬೇಕು, ಮುಚ್ಚಿಡಬೇಕು. ಇದು ಗೊತ್ತಾದ ಮೇಲೆ ನಮಗೆ ನಮ್ಮ ತರಗತಿಯ ದನಿ ಬೇರೆಯಾಗಿ ಕೇಳಿಸತೊಡಗಿತು. ಬಿರುಸು ಮಾತಿಗೆ ಹುಡುಗರು ಸುಮ್ಮನಾಗುತ್ತಾರೆ, ಆದರೆ ಅವರ ಮುಂದಿನ ಪೀಳಿಗೆಯಲ್ಲಿ ಆ ಮಾತು ಮತ್ತೆ ಮೊಳೆಯುತ್ತದೆ. ಎರಡು ಭಾಷೆಗಳ ನಡುವೆ ಬಾಳುವ ನಮ್ಮ ಸೀಮೆಯಲ್ಲಿ ಬೇಲಿಯ ಆಚೆ ಬೆರಳು ತೋರಿಸುವುದು ಬಹಳ ಸುಲಭ. ನಮ್ಮ ಹಂದರದ ಮೂಲೆಯಲ್ಲಿ ನಾವೇ ನೆಟ್ಟದ್ದು ಏನೆಂದು ಮೊದಲು ನೋಡಿಕೊಳ್ಳಬೇಕೆಂದು ಈಗ ನಮಗೆ ನಾವೇ ಹೇಳಿಕೊಳ್ಳುತ್ತೇವೆ.

ನಮ್ಮ ಶಾಲೆಯ ಆರು ಮಕ್ಕಳ ಮನೆಗಳಲ್ಲಿ ಈಗ ಈ ಬೀಜದ ಗಿಡಗಳಿವೆ. ಪರದೆ ಹೊಲಿಯಲಾಗದವರಿಗೆ ಒಂದು ಸುಲಭದ ದಾರಿ ಹೇಳಿಕೊಟ್ಟಿದ್ದೇವೆ: ಹೂವು ಅರಳುವ ಮೊದಲು ಒಂದು ಟೊಂಗೆಗೆ ತೆಳು ಅರಿವೆಯ ಚೀಲ ಕಟ್ಟಿ, ಕಾಯಿ ಕಟ್ಟಿದ ಮೇಲೆ ಬಿಚ್ಚಿ, ಆ ಟೊಂಗೆಗೆ ದಾರದ ಗುರುತು ಹಾಕಿದರೆ ಸಾಕು, ಬೀಜಕ್ಕೆ ಆ ಕಾಯಿ, ಉಳಿದುದೆಲ್ಲ ಊಟಕ್ಕೆ.

2024ರ ಬೇಸಿಗೆ ರಜೆಯಲ್ಲಿ ಮನೆಯಾಕೆಯ ಅಣ್ಣನ ಮಗ ನಮ್ಮಲ್ಲಿಗೆ ಬಂದಿದ್ದ. ಊಟಕ್ಕೆ ಕುಳಿತಾಗ ಚಟ್ನಿಯನ್ನು ಬಾಯಿಗಿಟ್ಟುಕೊಂಡು, “ಅತ್ತಿ, ಇದು ಅಮ್ಮನ ಚಟ್ನಿ ಇದ್ದಂಗ ಐತಲ್ಲ” ಎಂದ. ಅಮ್ಮನೆಂದರೆ ಅವನ ಅಜ್ಜಿ, ನಮ್ಮ ಅತ್ತೆಯವರು. ಆ ರುಚಿ ತಮ್ಮ ಮನೆಯಲ್ಲಿ ಈಗ ಇಲ್ಲವೆಂದೂ ಹೇಳಿದ. ಹೊರಡುವ ದಿನ ಮನೆಯಾಕೆ ಬೀಜದ ಗಂಟನ್ನು ಬಿಚ್ಚಿ, ಅರ್ಧವನ್ನು ಒಂದು ಹೊಸ ಅರಿವೆಯಲ್ಲಿ ಕಟ್ಟಿ ಅವನ ಚೀಲಕ್ಕೆ ಹಾಕಿದಳು. ಉಳಿದರ್ಧವನ್ನು ಹಳೆಯ ಅರಿವೆಯಲ್ಲಿಯೇ ಮತ್ತೆ ಕಟ್ಟಿ ದೇವರ ಮಾಡಕ್ಕೆ ಇಟ್ಟಳು. ದುಧನಿ ಸ್ಟೇಶನ್ನಿನಲ್ಲಿ ಅವನನ್ನು ಗಾಡಿ ಹತ್ತಿಸಿ ಬಂದು ನಾವು ಊಟಕ್ಕೆ ಕುಳಿತೆವು. ಎಲ್ಲರ ತಾಟೂ ಕೆಂಪಗಿದ್ದವು.